ಸೀಲಿನ ಮೇಲಿನ ತಾರೀಖು

ವೀಕ್ಷಕರೇ, ಇತ್ತೀಚೆಗೆ ಸಿಂಗಾಪುರಕ್ಕೆ ಹೋಗಿ ಬಂದೆ. ಮನೆ ಬಾಗಿಲಲ್ಲಿ ಬ್ಯಾಗು ಇಳಿಸುವ ಮೊದಲೇ ಮಗಳು ನನ್ನ ಪಾಸ್‌ಪೋರ್ಟ್ ಕಿತ್ತುಕೊಂಡಳು. ಚಾಕೊಲೇಟು ಆಮೇಲೆ, ಮೊದಲು ಸೀಲು! ಯಾವ ದೇಶದ ಸೀಲು ಯಾವ ಆಕಾರ, ಯಾವ ಬಣ್ಣ ಅನ್ನೋದೆಲ್ಲಾ ಅವಳಿಗೆ ಬಾಯಿಪಾಠ. ಈ ಸಲ ಪುಟ ತಿರುವಿ ತಿರುವಿ ಮುಖ ಸಣ್ಣ ಮಾಡಿಕೊಂಡಳು. ಬೆಂಗಳೂರಿನಿಂದ ಹೊರಟ ಸೀಲಿದೆ, ವಾಪಸ್ ಬಂದ ಸೀಲಿದೆ. ಸಿಂಗಾಪುರದ್ದೇ ಇಲ್ಲ. "ಅಪ್ಪಾ, ನೀವು ನಿಜವಾಗ್ಲೂ ಹೋಗಿದ್ರಾ?" ಅಂತ ಕೇಳಿದಳು.

ಸಿಂಗಾಪುರ 2020ರಲ್ಲೇ ವಿದೇಶಿಗರ ಪಾಸ್‌ಪೋರ್ಟಿಗೆ ಶಾಯಿ ಸೀಲು ಹೊಡೆಯೋದನ್ನು ನಿಲ್ಲಿಸಿದೆ. ಇಷ್ಟು ದಿನ ಇರಬಹುದು ಅಂತ ಇಮೇಲ್ ಬರುತ್ತೆ, ಅಷ್ಟೇ. ಹಾಂಗ್‌ಕಾಂಗ್, ಇಸ್ರೇಲ್ 2013ರಿಂದ ಚಿಕ್ಕದೊಂದು ಚೀಟಿ ಕೊಡುತ್ತಿವೆ. ಯುರೋಪ್ ಕೂಡ 2025ರ ಅಕ್ಟೋಬರ್ 12ರಿಂದ ಸೀಲಿನ ಜಾಗಕ್ಕೆ ಹಂತ ಹಂತವಾಗಿ ಬೆರಳಚ್ಚು ಮತ್ತು ಮುಖದ ಫೋಟೋ ತರಲು ಶುರು ಮಾಡಿತು. ಇದನ್ನೆಲ್ಲಾ ಮಗಳಿಗೆ ಹೇಳಿದೆ. ಅವಳಿಗೆ ಬೇಜಾರಾಯಿತು. ನಿಮ್ಮಲ್ಲೂ ಎಷ್ಟೋ ಜನಕ್ಕೆ ಬೇಜಾರಾಗಿರಬಹುದು. ಸೀಲು ತುಂಬಿದ ಪಾಸ್‌ಪೋರ್ಟ್ ಅಂದ್ರೆ ಒಂದು ಹೆಮ್ಮೆ, ಅಲ್ವಾ?

ಆದರೆ ಈ ಸೀಲು ಯಾಕೆ ಬಂತು, ಅದು ಏನು ಹೇಳುತ್ತೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ?

ಯುರೋಪಿನ ಷೆಂಗೆನ್ ದೇಶಗಳ ಸೀಲನ್ನೇ ತೆಗೆದುಕೊಳ್ಳಿ. ಒಂದು ಮೂಲೆಯಲ್ಲಿ ನಕ್ಷತ್ರಗಳ ನಡುವೆ ದೇಶದ ಅಕ್ಷರ. ಇನ್ನೊಂದು ಮೂಲೆಯಲ್ಲಿ ಬಾಣ, ಒಳಗೆ ಬಂದಿರೋ ಹೊರಗೆ ಹೋದಿರೋ ಅನ್ನುವುದಕ್ಕೆ. ಕೆಳಗೆ ವಿಮಾನ, ರೈಲು, ಕಾರು ಅಥವಾ ಹಡಗಿನ ಚಿತ್ರ. ನಡುವೆ ತಾರೀಖು. ಎಲ್ಲದರ ಜೀವ ಇರೋದು ಆ ತಾರೀಖಿನಲ್ಲಿ. ಅಲ್ಪಾವಧಿ ಪ್ರವಾಸಿಗೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಲು ಅವಕಾಶ. ಸೀಲಿನ ಕಾಲದಲ್ಲಿ ಅಧಿಕಾರಿ ಆ ಲೆಕ್ಕ ಹಾಕುತ್ತಿದ್ದದ್ದು ಈ ತಾರೀಖು ನೋಡಿಯೇ. ನನ್ನ ಜೊತೆ ಬಂದಿದ್ದ ಕ್ಯಾಮೆರಾಮನ್ ಒಬ್ಬರಿಗೆ ಒಂದು ದೇಶ ಬಿಡುವಾಗ ಹೊರಹೋಗುವ ಸೀಲೇ ಬಿದ್ದಿರಲಿಲ್ಲ. ತಪ್ಪು ಅಲ್ಲಿನವರದ್ದು. ಮುಂದಿನ ಸಲ ಹೋದಾಗ ಕೌಂಟರ್ ಮುಂದೆ ಬೆವರು ಒರೆಸಿಕೊಂಡವರು ಮಾತ್ರ ಇವರು. ಹಳೇ ಬೋರ್ಡಿಂಗ್ ಪಾಸ್ ಇಟ್ಟುಕೊಂಡಿದ್ದರಿಂದ ಬಚಾವಾದರು.

ಹಾಗೇ ಇನ್ನೊಂದು ಮಾತು. ಪೆರುವಿನ ಮಾಚು ಪಿಚುವಿನಂಥ ಪ್ರವಾಸಿ ತಾಣಗಳಲ್ಲಿ ನೆನಪಿಗಾಗಿ ಒಂದು ಚೆಂದದ ಸೀಲು ಇಟ್ಟಿರುತ್ತಾರೆ. ಅದನ್ನು ಪಾಸ್‌ಪೋರ್ಟಿಗೆ ಒತ್ತಿಕೊಳ್ಳಬೇಡಿ, ಡೈರಿಗೆ ಒತ್ತಿಕೊಳ್ಳಿ. ಯಾಕೆ ಗೊತ್ತಾ? 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಮ್ಮ ಪಾಸ್‌ಪೋರ್ಟ್ ನಿಮ್ಮದಲ್ಲ. ಅದು ಯಾವಾಗಲೂ ಕೇಂದ್ರ ಸರ್ಕಾರದ ಸ್ವತ್ತು. ದುಡ್ಡು ಕಟ್ಟಿದ್ದು ನಾವು, ಫೋಟೋ ನಮ್ಮದು, ಪುಸ್ತಕ ಸರ್ಕಾರದ್ದು!

ಈ ಪುಸ್ತಕ, ಈ ಸೀಲು ಅನಾದಿ ಕಾಲದಿಂದ ಬಂದದ್ದಲ್ಲ. 1914ಕ್ಕೆ ಮೊದಲು ಪಶ್ಚಿಮ ಯುರೋಪಿನ ಬಹುಭಾಗವನ್ನು ಪಾಸ್‌ಪೋರ್ಟ್ ಇಲ್ಲದೆಯೇ ಸುತ್ತಬಹುದಿತ್ತು. ಮೊದಲನೇ ಮಹಾಯುದ್ಧ ಬಂತು, ಗೂಢಚಾರರ ಭಯ ಬಂತು, ಫೋಟೋ ಅಂಟಿಸಿದ ಕಾಗದ ಕಡ್ಡಾಯವಾಯಿತು. ಯುದ್ಧ ಮುಗಿಯಿತು, ಕಾಗದ ಉಳಿಯಿತು. 1920ರಲ್ಲಿ ರಾಷ್ಟ್ರಸಂಘ ಪ್ಯಾರಿಸ್‌ನಲ್ಲಿ ಸಮ್ಮೇಳನ ನಡೆಸಿ, ಪಾಸ್‌ಪೋರ್ಟ್ ಅಂದರೆ 32 ಪುಟದ ಪುಸ್ತಕ ಅನ್ನುವ ಮಾದರಿ ಕೊಟ್ಟಿತು. ಮುಂದೊಂದು ದಿನ ಇದೆಲ್ಲಾ ಬೇಡವಾಗಲಿ ಅಂತ ಅಲ್ಲಿ ಸೇರಿದವರೇ ಆಶಿಸಿದ್ದರು. ನೂರು ವರ್ಷ ದಾಟಿತು. ಆ ದಿನ ಇನ್ನೂ ಬಂದಿಲ್ಲ.

ಈಗ ಒಂದು ತಾರೀಖಿನ ಕಥೆ ಹೇಳ್ತೀನಿ.

1938ರ ಮಾರ್ಚ್. ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಅಲ್ಲಿನ ಯಹೂದಿಗಳು ಜೀವ ಉಳಿಸಿಕೊಳ್ಳಲು ಪಕ್ಕದ ಸ್ವಿಟ್ಜರ್ಲೆಂಡ್ ಕಡೆ ಓಡಿದರು. ಆಗಸ್ಟ್ ಬರುವಷ್ಟರಲ್ಲಿ ಸ್ವಿಟ್ಜರ್ಲೆಂಡ್ ಸಾಕಪ್ಪಾ ಸಾಕು ಅಂತ ಗಡಿ ಮುಚ್ಚಿತು. ವೀಸಾ ಇಲ್ಲದವರನ್ನು ವಾಪಸ್ ಕಳಿಸಿ ಅಂತ ಆದೇಶವಾಯಿತು. ವಾಪಸ್ ಅಂದ್ರೆ ಎಲ್ಲಿಗೆ? ನಾಜಿಗಳ ಕೈಗೆ.

ಆಸ್ಟ್ರಿಯಾ ಗಡಿಗೆ ಅಂಟಿಕೊಂಡಿರುವ ಸೇಂಟ್ ಗ್ಯಾಲನ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥನ ಹೆಸರು ಪೌಲ್ ಗ್ರೂನಿಂಗರ್. ಮೊದಲು ಮೇಷ್ಟ್ರಾಗಿದ್ದವನು. ಹೆಂಡತಿ, ಮಕ್ಕಳು, ಒಳ್ಳೆ ಸಂಬಳ, ಮುಂದೆ ಪಿಂಚಣಿ. ಅವನ ಮುಂದೆ ಜನ ನಿಂತಿದ್ದಾರೆ. ಆದೇಶ ಮೇಜಿನ ಮೇಲಿದೆ. ಅವನು ಗುಂಡು ಹಾರಿಸಲಿಲ್ಲ, ಭಾಷಣ ಮಾಡಲಿಲ್ಲ. ತಾರೀಖು ತಿದ್ದಿದ. ಗಡಿ ಮುಚ್ಚಿದ ಮೇಲೆ ಬಂದವರನ್ನು, ಮುಚ್ಚುವ ಮೊದಲೇ ಬಂದವರು ಅಂತ ದಾಖಲೆಯಲ್ಲಿ ತೋರಿಸಿದ. ಕೆಲವೇ ದಿನ, ಕೆಲವೇ ವಾರ ಹಿಂದಿನ ತಾರೀಖು. ಆ ಅಂತರದಲ್ಲಿ ಉಳಿದ ಜೀವಗಳು ನೂರಾರು. ಮೂರು ಸಾವಿರಕ್ಕೂ ಹೆಚ್ಚು ಅನ್ನುವ ಲೆಕ್ಕವೂ ಇದೆ.

ಅದೇ ಹೊತ್ತಿಗೆ ಮೇಲಿನ ಕೋಣೆಗಳಲ್ಲಿ ಬೇರೆಯದೇ ಮಾತುಕತೆ ನಡೀತಿತ್ತು. ಜರ್ಮನ್ ಪಾಸ್‌ಪೋರ್ಟಿಗೆ ಸ್ವಿಟ್ಜರ್ಲೆಂಡ್‌ನಲ್ಲಿ ವೀಸಾ ಬೇಕಿರಲಿಲ್ಲ. ಎಲ್ಲಾ ಜರ್ಮನ್ನರಿಗೂ ವೀಸಾ ಹಾಕುತ್ತೇವೆ ಅಂತ ಸ್ವಿಸ್ಸರು ಹೇಳಿದರೆ ಬರ್ಲಿನ್‌ಗೆ ಸಿಟ್ಟು. ಹಾಗಾದರೆ ಬರುವವರಲ್ಲಿ ಯಹೂದಿ ಯಾರು ಅಂತ ತಿಳಿಯೋದು ಹೇಗೆ? ಎರಡೂ ಕಡೆಯವರು ಕೂತು ದಾರಿ ಕಂಡುಕೊಂಡರು. 1938ರ ಅಕ್ಟೋಬರ್ 5ರಂದು ಜರ್ಮನಿ ತನ್ನ ಯಹೂದಿಗಳ ಪಾಸ್‌ಪೋರ್ಟುಗಳನ್ನೆಲ್ಲ ರದ್ದು ಮಾಡಿತು. ಕೆಂಪು ಬಣ್ಣದ 'ಜೆ' ಅಕ್ಷರದ ಸೀಲು ಬಿದ್ದ ಮೇಲಷ್ಟೇ ಅವು ಮತ್ತೆ ಚಾಲ್ತಿ. ಗಡಿ ಅಧಿಕಾರಿ ಹೆಸರು ಓದಬೇಕಿಲ್ಲ, ಕಷ್ಟ ಕೇಳಬೇಕಿಲ್ಲ. ಪುಟ ತೆರೆದರೆ ಸಾಕು, ಕೆಂಪಗೆ ಕಾಣುತ್ತೆ. ಹಿಂದಕ್ಕೆ ಕಳಿಸು.

ಗಮನಿಸಿ ವೀಕ್ಷಕರೇ, ಎರಡೂ ಒಂದೇ ಗಡಿಯ ಕಥೆ. ಒಂದು ಸೀಲು ಸಾವಿನ ಕಡೆ ತಿರುಗಿಸಿತು, ಒಂದು ತಾರೀಖು ಬದುಕಿಸಿತು.

ಗ್ರೂನಿಂಗರ್‌ಗೆ ಏನು ಸಿಕ್ಕಿತು? 1939ರಲ್ಲಿ ಕೆಲಸದಿಂದ ವಜಾ. ಪಿಂಚಣಿ ಹೋಯಿತು. ಕೋರ್ಟು ಅಪರಾಧಿ ಅಂತ ಹೇಳಿ ದಂಡ ಹಾಕಿತು. ಉಳಿದ ಬದುಕೆಲ್ಲಾ ಸಿಕ್ಕಿದ ಕೆಲಸ ಮಾಡಿಕೊಂಡು ಕಷ್ಟದಲ್ಲೇ ದಿನ ದೂಡಿದ. 1971ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವನನ್ನು ಗೌರವಿಸಿತು. ಮರುವರ್ಷ ತೀರಿಕೊಂಡ. ಸ್ವಂತ ನಾಡಿನ ಕೋರ್ಟು ಅವನನ್ನು ನಿರಪರಾಧಿ ಅಂದದ್ದು 1995ರಲ್ಲಿ, ಅವನು ಸತ್ತು 23 ವರ್ಷ ಆದ ಮೇಲೆ. 'ಜೆ' ಸೀಲಿನ ವಿಷಯದಲ್ಲಿ ಸ್ವಿಸ್ ಅಧ್ಯಕ್ಷರು ಕ್ಷಮೆ ಕೇಳಿದ್ದೂ ಅದೇ 1995ರಲ್ಲಿ.

ಇದೆಲ್ಲಾ ಯುರೋಪಿನ ಹಳೇ ಕಥೆ, ನಮಗೇನು ಅಂತೀರಾ? ಮಂಗಳೂರು, ಉಡುಪಿ, ಭಟ್ಕಳ ಕಡೆಯವರನ್ನು ಕೇಳಿ. ಗಲ್ಫ್‌ಗೆ ದುಡಿಯಲು ಹೋದವರ ಮನೆಗಳಲ್ಲಿ 'ಇ.ಸಿ.ಎನ್.ಆರ್. ಸೀಲು ಆಯ್ತಾ?' ಅನ್ನೋದು ಒಂದು ಕಾಲದಲ್ಲಿ ದೊಡ್ಡ ಪ್ರಶ್ನೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ಕ್ಲಾಸು ಪಾಸಾಗದವರು ಗಲ್ಫ್ ಸೇರಿದಂತೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಉದ್ದೇಶ ಒಳ್ಳೆಯದೇ. ಏಜೆಂಟರ ಮೋಸಕ್ಕೆ ಬೀಳಬಾರದು, ಅಲ್ಲಿ ಹೋಗಿ ಸಂಬಳವಿಲ್ಲದೆ ಸಿಕ್ಕಿಹಾಕಿಕೊಳ್ಳಬಾರದು.

ಆದರೆ 2018ರ ಜನವರಿಯಲ್ಲಿ ಏನಾಯಿತು ನೆನಪಿದೆಯಾ? ಈ ಅನುಮತಿ ಬೇಕಾದವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್, ಉಳಿದವರಿಗೆ ಈಗಿನ ನೀಲಿ ಅಂತ ವಿದೇಶಾಂಗ ಸಚಿವಾಲಯ ಪ್ರಕಟಿಸಿತು. ಅಂದರೆ ಕ್ಯೂನಲ್ಲಿ ನಿಂತಾಗ, ಪುಸ್ತಕ ತೆರೆಯುವ ಮೊದಲೇ, ಈತ ಓದಿಲ್ಲ ಅಂತ ಹತ್ತು ಮಾರು ದೂರದಿಂದ ಕಾಣಬೇಕು! ಕೂಲಿಗೆ ಹೋಗುವವನಿಗೆ ಒಂದು ಬಣ್ಣ, ಕಂಪ್ಯೂಟರ್ ಕುಟ್ಟಲು ಹೋಗುವವನಿಗೆ ಇನ್ನೊಂದು. ಜನ ಪ್ರಶ್ನೆ ಮಾಡಿದರು. ಅದೇ ತಿಂಗಳ 30ಕ್ಕೆ ಸರ್ಕಾರ ಕೈಬಿಟ್ಟಿತು. ಕಿತ್ತಳೆ ಬಣ್ಣವನ್ನು 'ಜೆ' ಸೀಲಿಗೆ ಹೋಲಿಸೋದು ಅನ್ಯಾಯ, ನಾನು ಹೋಲಿಸೋದಿಲ್ಲ. ಅಲ್ಲಿದ್ದದ್ದು ದ್ವೇಷ, ಇಲ್ಲಿದ್ದದ್ದು ಅಜಾಗರೂಕತೆ. ಆದರೆ ಒಂದು ಪಾಠ ಎರಡಕ್ಕೂ ಇದೆ. ಮನುಷ್ಯನ ಕಾಗದಕ್ಕೆ ಗುರುತು ಹಾಕುವ ಮೊದಲು, ಆ ಗುರುತನ್ನು ಕೌಂಟರ್ ಆಚೆ ಕೂತವನು ಹೇಗೆ ಬಳಸಿಯಾನು ಅಂತ ಹತ್ತು ಸಲ ಯೋಚಿಸಬೇಕು.

ಈಗ ಸೀಲು ಹೋಗಿ ಕಂಪ್ಯೂಟರ್ ಬರ್ತಿದೆ. ಅನುಕೂಲ ಖಂಡಿತಾ ಇದೆ. ನಮ್ಮ ಕ್ಯಾಮೆರಾಮನ್‌ಗೆ ಆದಂಥ ಪಜೀತಿ ಕಡಿಮೆಯಾಗುತ್ತೆ, ನಕಲಿ ಪಾಸ್‌ಪೋರ್ಟಿನವರು ಸಿಕ್ಕಿಬೀಳುತ್ತಾರೆ. ಆದರೆ ಸೀಲು ಕಾಣದೇ ಹೋದ ಮಾತ್ರಕ್ಕೆ ಗಡಿ ಮಾಯವಾಯಿತು ಅಂದುಕೊಳ್ಳಬೇಡಿ. ಮೊದಲು ನನ್ನ ಬಗ್ಗೆ ಏನು ಬರೆದಿದ್ದಾರೆ ಅಂತ ನನ್ನ ಜೇಬಿನಲ್ಲೇ ಇರುತ್ತಿತ್ತು, ನಾನೂ ಓದಬಹುದಿತ್ತು. ಇನ್ನು ಮೇಲೆ ಅದು ಅವರ ಯಂತ್ರದಲ್ಲಿರುತ್ತೆ. ತಪ್ಪಾಗಿ ಬರೆದಿದ್ದರೆ ನಮಗೆ ಗೊತ್ತಾಗುವುದು ಕೌಂಟರ್ ಮುಂದೆ ನಿಂತಾಗಲೇ. ಹಾಗಾಗಿ ಬೋರ್ಡಿಂಗ್ ಪಾಸು, ಹೋಟೆಲ್ ರಸೀದಿ, ಆ ಚಿಕ್ಕ ಚೀಟಿ, ಇಮೇಲು ಎಲ್ಲಾ ಜೋಪಾನವಾಗಿಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆ ನನ್ನನ್ನು ಬಿಡ್ತಿಲ್ಲ. ನಾಳೆ ಮತ್ತೊಂದು 1938 ಬಂದರೆ, ಗಡಿ ಮುಚ್ಚಿದ ಮಾರನೇ ದಿನ ಒಂದು ಸಂಸಾರ ಮಗು ಎತ್ತಿಕೊಂಡು ಬಂದು ನಿಂತರೆ, ಯಂತ್ರ ಯಾವ ತಾರೀಖು ಬರೆಯುತ್ತೆ?

ಗ್ರೂನಿಂಗರ್ ಕಥೆಯನ್ನು ಮಗಳಿಗೂ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಪಾಸ್‌ಪೋರ್ಟನ್ನು ಮತ್ತೆ ಮೊದಲ ಪುಟದಿಂದ ತಿರುವಿದಳು. ಈ ಸಲ ಆಕಾರ, ಬಣ್ಣ ನೋಡಲಿಲ್ಲ. ಒಂದೊಂದೇ ತಾರೀಖಿನ ಮೇಲೆ ಬೆರಳಿಟ್ಟು ಓದುತ್ತಾ ಹೋದಳು.