ಶೇಂಗಾ ಬೀಜದ ಪೋಷಕಾಂಶ: ತಳಿಯ ಪಾಲು, ಪರಿಸರದ ಪಾಲು

ಶೇಂಗಾ ಬೀಜದ ತೂಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಎಣ್ಣೆ, ಕಾಲುಭಾಗದಷ್ಟು ಪ್ರೋಟೀನು ಇರುತ್ತದೆಂಬುದು ಪೋಷಕಾಂಶ ಕೋಷ್ಟಕಗಳು ಕೊಡುವ ಸರಾಸರಿ. ಚಳ್ಳಕೆರೆ, ಪಾವಗಡಗಳ ಮಳೆಯಾಶ್ರಿತ ಬೆಳೆಗೂ ನೀರಾವರಿಯ ಬೇಸಿಗೆ ಬೆಳೆಗೂ ಇದೇ ಅಂಕಿಯನ್ನು ಅನ್ವಯಿಸುವುದು ಸರಿಯಲ್ಲ. ಪೋಷಕಾಂಶಗಳ ಮಿತಿಯನ್ನು ಗೊತ್ತುಪಡಿಸುವುದು ತಳಿ. ಆ ಮಿತಿಯೊಳಗೆ ಬೀಜ ಯಾವ ಮಟ್ಟ ಮುಟ್ಟುತ್ತದೆಂಬುದನ್ನು ತಾಪಮಾನ, ತೇವ ಮತ್ತು ಮಣ್ಣು ತೀರ್ಮಾನಿಸುತ್ತವೆ. ಇದು ಈ ಲೇಖನದ ಪ್ರತಿಪಾದನೆ.

ತಳಿಯ ಪ್ರಭಾವ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕೊಬ್ಬಿನಾಮ್ಲಗಳಲ್ಲಿ. ಶೇಂಗಾ ಎಣ್ಣೆಯ ಸುಮಾರು ಶೇ. 80 ಭಾಗ ಓಲಿಕ್ ಮತ್ತು ಲಿನೋಲಿಕ್ ಆಮ್ಲಗಳದು. ಡಿಸ್ಯಾಚುರೇಸ್ ಎಂಬ ಕಿಣ್ವ ಓಲಿಕ್ ಆಮ್ಲವನ್ನೇ ಲಿನೋಲಿಕ್ ಆಗಿ ಮಾರ್ಪಡಿಸುವುದರಿಂದ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. 1987ರಲ್ಲಿ ಫ್ಲೋರಿಡಾದ ಸಂಶೋಧಕರು ಓಲಿಕ್ ಆಮ್ಲವೇ ಸುಮಾರು ಶೇ. 80ರಷ್ಟಿದ್ದ ತಳಿಸಾಲನ್ನು ವರದಿ ಮಾಡಿದರು. ಶೇಂಗಾ ಎರಡು ಪೂರ್ವಜ ಪ್ರಭೇದಗಳ ಜೀನೋಮುಗಳನ್ನು ಹೊತ್ತ ಬೆಳೆ. ಆದ್ದರಿಂದ ಈ ಅಧಿಕ ಓಲಿಕ್ ಗುಣ ಪೂರ್ತಿಯಾಗಿ ಕಾಣಬೇಕಾದರೆ ಎರಡೂ ಜೀನೋಮುಗಳಲ್ಲಿ ಡಿಸ್ಯಾಚುರೇಸ್ ಕಿಣ್ವವನ್ನು ರೂಪಿಸುವ ಎಫ್‌ಎಡಿ2 ಜೀನುಗಳು ನಿಷ್ಕ್ರಿಯವಾಗಬೇಕು. ಭಾರತದ 'ಗಿರ್ನಾರ್ 4', 'ಗಿರ್ನಾರ್ 5' ತಳಿಗಳು ಇದೇ ಗುಣವುಳ್ಳವು. ಇಂಥ ಬೀಜ ಬೇಗ ಕಮಟುವುದಿಲ್ಲ.

ಸಾಮಾನ್ಯ ತಳಿಗಳಲ್ಲಿ ಈ ಕಿಣ್ವ ಹವೆಗೆ ಸ್ಪಂದಿಸುತ್ತದೆ. ಕಾಳು ತುಂಬುವ ವಾರಗಳಲ್ಲಿ ತಂಪಿದ್ದರೆ ಲಿನೋಲಿಕ್ ಪಾಲು ಹೆಚ್ಚುತ್ತದೆ, ಬಿಸಿಲೇರಿದರೆ ಓಲಿಕ್ ಪಾಲು ಹೆಚ್ಚುತ್ತದೆ. ಅಧಿಕ ಓಲಿಕ್ ತಳಿಗಳಲ್ಲಿ ಈ ಏರಿಳಿತ ಅಲ್ಪ.

ಕಾಳು ಎಷ್ಟು ಬಲಿತಿದೆ ಎಂಬುದೂ ಅಷ್ಟೇ ಮುಖ್ಯ. ಬಲಿಯುತ್ತ ಹೋದಂತೆ ಕಾಳಿನಲ್ಲಿ ಎಣ್ಣೆ ಕೂಡುತ್ತದೆ, ಸಕ್ಕರೆ ತಗ್ಗುತ್ತದೆ. ಕೊನೆಯ ಹಂತದ ಬರ ಈ ಕ್ರಿಯೆಯನ್ನು ಅರ್ಧಕ್ಕೇ ನಿಲ್ಲಿಸಿ ಜೊಳ್ಳು, ಸುಕ್ಕು ಕಾಳುಗಳನ್ನು ಹೆಚ್ಚಿಸುತ್ತದೆ. ಒಣ, ಬಿಸಿ ಮಣ್ಣಿನಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಕಾಯಿಗೆ ಹೊಕ್ಕರೆ ಅಫ್ಲಾಟಾಕ್ಸಿನ್ ವಿಷವೂ ಸೇರುತ್ತದೆ. ಆಗ ಉಳಿದ ಪೋಷಕಾಂಶಗಳ ಲೆಕ್ಕಕ್ಕೆ ಬೆಲೆಯಿಲ್ಲ.

ಮಣ್ಣಿನ ಪಾತ್ರಕ್ಕೆ ಸುಣ್ಣಾಂಶವೇ ಉತ್ತಮ ನಿದರ್ಶನ. ನೆಲದೊಳಗಿನ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಬೇರಿನ ಮೂಲಕವಲ್ಲ, ಬಹುಮಟ್ಟಿಗೆ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಹೂ ಬಿಡುವ ಹೊತ್ತಿಗೆ ಬುಡಕ್ಕೆ ಜಿಪ್ಸಮ್ ಹಾಕಿ ಮಣ್ಣೇರಿಸುವ ಶಿಫಾರಸಿಗೆ ಇದೇ ಆಧಾರ. ಜೊತೆಗೆ ದೊರೆಯುವ ಗಂಧಕ, ಪ್ರೋಟೀನು ಮತ್ತು ಎಣ್ಣೆಯ ರಚನೆಗೆ ನೆರವಾಗುತ್ತದೆ.

ಹೀಗಾಗಿ ತಳಿ, ಹಂಗಾಮು, ನೀರು ಮತ್ತು ಮಣ್ಣಿನ ವಿವರಗಳಿಲ್ಲದ ಪೋಷಕಾಂಶದ ಅಂಕಿ ಅಪೂರ್ಣ. ಕೊಬ್ಬಿನಾಮ್ಲದ ಗುಣಮಟ್ಟವನ್ನು ತಳಿ ಆಯ್ಕೆಯಿಂದ ಸಾಧಿಸಬಹುದು. ಕಾಳಿನ ತುಂಬು, ಸುರಕ್ಷತೆಗಳನ್ನು ಬೇಸಾಯದಿಂದಲೇ ಸಾಧಿಸಬೇಕು. ನಮ್ಮ ಸಂಶೋಧನಾ ಕೇಂದ್ರಗಳು ಇಳುವರಿಯ ಜೊತೆಗೆ ಈ ವಿವರಗಳನ್ನೂ ಪ್ರಕಟಿಸಬೇಕು, ಮಾರುಕಟ್ಟೆ ಗುಣಕ್ಕೆ ತಕ್ಕ ಬೆಲೆಯನ್ನು ರೈತನಿಗೆ ಕೊಡಬೇಕು.