ಚರ್ಮದ ಅಮೈಲಾಯ್ಡ್ ರೋಗ: ಪುರುಷ ಜನನಾಂಗದ ರೂಪ ಮತ್ತು ಅದರ ಚರಿತ್ರೆ

ನೀರಿನಲ್ಲಿ ಕರಗದ, ನೂಲಿನಂಥ ಪ್ರೋಟೀನು ಚರ್ಮದಲ್ಲಿ ಶೇಖರವಾಗಿ ಕಪ್ಪು ಕಲೆ, ಒರಟು ಗುಳ್ಳೆ ಇಲ್ಲವೆ ಗಂಟುಗಳಾಗಿ ತೋರುವ ಸ್ಥಿತಿಗೆ ಚರ್ಮದ ಅಮೈಲಾಯ್ಡ್ ರೋಗ ಎಂದು ಹೆಸರು. ಕಲೆಯ ರೂಪವನ್ನು ಮ್ಯಾಕ್ಯುಲರ್, ಗುಳ್ಳೆಯ ರೂಪವನ್ನು ಲೈಕೆನ್, ಗಂಟಿನ ರೂಪವನ್ನು ನಾಡ್ಯುಲರ್ ಎಂದು ವೈದ್ಯರು ಕರೆಯುತ್ತಾರೆ. ಕಲೆ ಮತ್ತು ಗುಳ್ಳೆಗಳು ಹೆಚ್ಚಾಗಿ ಬೆನ್ನಿನ ಮೇಲ್ಭಾಗ, ತೋಳು, ಮೊಣಕಾಲ ಕೆಳಗಿನ ಮುಂಭಾಗದಲ್ಲಿ ಕಾಣುತ್ತವೆ. ಶಿಶ್ನಮಣಿ, ಶಿಶ್ನದ ಮೇಲಿನ ಚರ್ಮ, ವೃಷಣಚೀಲಗಳಲ್ಲಿ ಅಮೈಲಾಯ್ಡ್ ಕಾಣಿಸಿಕೊಳ್ಳುವುದು ಬಹಳ ವಿರಳ. ಅಂಥ ರೋಗಿಗಳ ವಿವರ ವೈದ್ಯಕೀಯ ಪತ್ರಿಕೆಗಳಲ್ಲಿ ಒಂಟಿ ಒಂಟಿ ವರದಿಗಳಾಗಿಯೇ ಬಂದಿದೆ. ಇದು ಅಂಟುರೋಗವಲ್ಲ, ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ, ಕುಷ್ಠವೂ ಅಲ್ಲ.

ಬಣ್ಣದಿಂದ ಸಿಕ್ಕ ಗುರುತು

ಅಮೈಲಾಯ್ಡಿನ ಚರಿತ್ರೆ ಚರ್ಮದಿಂದ ಶುರುವಾದದ್ದಲ್ಲ. 19ನೆಯ ಶತಮಾನದ ಯುರೋಪಿನಲ್ಲಿ ಶವಪರೀಕ್ಷೆ ಮಾಡುತ್ತಿದ್ದ ವೈದ್ಯರು ಯಕೃತ್ತು, ಗುಲ್ಮಗಳು ಗಟ್ಟಿಯಾಗಿ ಮೇಣ ತುಂಬಿದಂತಾಗಿರುವುದನ್ನು ಕಂಡಿದ್ದರು. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ನರಮಂಡಲದಲ್ಲಿ ಕಂಡ ಸಣ್ಣ ಶೇಖರಗಳಿಗೆ ಅಯೋಡಿನ್ ಹಾಕಿ ನೋಡಿದ. ಹಿಟ್ಟಿನ ಪಿಷ್ಟಕ್ಕೆ ಅಯೋಡಿನ್ ತಗುಲಿದಾಗ ಬರುವ ಬಣ್ಣಕ್ಕೆ ಹೋಲುವ ಬಣ್ಣ ಬಂದದ್ದರಿಂದ, ಪಿಷ್ಟದಂಥದು ಎಂಬ ಅರ್ಥದಲ್ಲಿ, ಅದಕ್ಕೆ ಅಮೈಲಾಯ್ಡ್ ಎಂದು ಹೆಸರಿಟ್ಟ. ಐದೇ ವರ್ಷಗಳಲ್ಲಿ, 1859ರಲ್ಲಿ, ಫ್ರೀಡ್ರೈಖ್ ಮತ್ತು ಕೆಕುಲೆ ಅಂಗಗಳಲ್ಲಿ ತುಂಬುವ ಆ ಮೇಣದಂಥ ವಸ್ತು ಪಿಷ್ಟವಲ್ಲ, ಪ್ರೋಟೀನಿನ ಜಾತಿಯದು ಎಂದು ತೋರಿಸಿದರು. ಆದರೂ ಮೊದಲಿಟ್ಟ ಹೆಸರೇ ನಿಂತಿತು.

ರೋಗ ಗುರುತಿಸುವ ನಿಜವಾದ ಸಾಧನ ಸಿಕ್ಕಿದ್ದು ಬಟ್ಟೆಯ ಬಣ್ಣದಿಂದ. ಹತ್ತಿಬಟ್ಟೆಗೆಂದು 1880ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ಕಾಂಗೋ ರೆಡ್ ಬಣ್ಣ ಅಮೈಲಾಯ್ಡಿಗೆ ಹಿಡಿಯುತ್ತದೆಂದು 1922ರಲ್ಲಿ ಬೆನ್‌ಹೋಲ್ಡ್ ಕಂಡುಕೊಂಡ. ಬೆಲ್ಜಿಯಂನ ದಿವ್ರಿ 1927ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ: ಕಾಂಗೋ ರೆಡ್ ಹಿಡಿದ ಅಮೈಲಾಯ್ಡನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಹಸಿರಾಗಿ ಹೊಳೆಯುತ್ತದೆ. ಇಂದಿಗೂ ಪ್ರಯೋಗಾಲಯಗಳು ನಂಬುವುದು ಈ ಪರೀಕ್ಷೆಯನ್ನೇ. 1959ರಲ್ಲಿ ಕೋಹೆನ್ ಮತ್ತು ಕ್ಯಾಲ್ಕಿನ್ಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಎಳೆಗಳನ್ನು ಕಂಡರು. 1971ರಲ್ಲಿ ಗ್ಲೆನರ್ ತಂಡ ಒಂದು ಬಗೆಯ ಅಮೈಲಾಯ್ಡ್, ರಕ್ತದ ಪ್ರತಿಕಾಯದ ತುಂಡುಗಳಿಂದ ಆಗುತ್ತದೆ ಎಂದು ಸಾಬೀತುಪಡಿಸಿತು. ಅಮೈಲಾಯ್ಡ್ ಒಂದೇ ವಸ್ತುವಲ್ಲ, ಬೇರೆ ಬೇರೆ ಪ್ರೋಟೀನುಗಳು ಒಂದೇ ಬಗೆಯ ಎಳೆಯಾಗಿ ಮಡಚಿಕೊಂಡ ಸ್ಥಿತಿ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು.

ಚರ್ಮದ ರೂಪಗಳು

ಒಳ ಅಂಗಗಳಿಗೆ ಏನೂ ಆಗದೆ ಚರ್ಮದಲ್ಲಷ್ಟೇ ನಿಲ್ಲುವ ಅಮೈಲಾಯ್ಡ್ ಉಂಟೆಂಬುದು 1920ರ ದಶಕದ ಕೊನೆಯ ಹೊತ್ತಿಗೆ ಖಚಿತವಾಯಿತು. 1928ರಲ್ಲಿ ಗುಟ್‌ಮನ್ ಮತ್ತು 1930ರಲ್ಲಿ ಫ್ರಾಯ್ಡೆಂಟಾಲ್ ಗುಳ್ಳೆಯ ರೂಪವನ್ನು ವಿವರಿಸಿದರು. ಗಂಟಿನ ರೂಪವನ್ನು 1950ರಲ್ಲಿ ಗೊಟ್ರೋನ್, ಕಲೆಯ ರೂಪವನ್ನು 1952ರಲ್ಲಿ ಪ್ಯಾಲಿಟ್ಜ್ ಮತ್ತು ಪೆಕ್ ದಾಖಲಿಸಿದರು.

ಕಲೆ ಮತ್ತು ಗುಳ್ಳೆಗಳಲ್ಲಿ ಶೇಖರವಾಗುವುದು ಚರ್ಮದ ಹೊರಪದರದ ಕೆರಾಟಿನ್ ಪ್ರೋಟೀನಿನಿಂದ ಬಂದದ್ದು. ಕೆರೆದ ಚರ್ಮದಲ್ಲಿ ಜೀವಕೋಶಗಳು ಸತ್ತು, ಅವುಗಳ ಕೆರಾಟಿನ್ ಒಳಪದರದ ಮೇಲಂಚಿಗೆ ಇಳಿಯುತ್ತದೆ. ನೈಲಾನ್ ಬ್ರಶ್ಶಿನಿಂದ ದಿನವೂ ಮೈ ಉಜ್ಜಿಕೊಳ್ಳುವವರಲ್ಲಿ ಇಂಥ ಕಲೆ ಮೂಡುವುದನ್ನು 1980ರ ದಶಕದಲ್ಲಿ ವೈದ್ಯರು ವಿವರಿಸಿದರು. ಮನೆತನದಲ್ಲಿ ಬರುವ ರೂಪಕ್ಕೆ ಓಎಸ್‌ಎಮ್‌ಆರ್ ಎಂಬ ಜೀನಿನ ದೋಷ ಕಾರಣವೆಂದು 2008ರಲ್ಲಿ ತಿಳಿಯಿತು. ಈ ಜೀನಿಗೂ ತುರಿಕೆಯ ಸಂದೇಶ ಸಾಗಿಸುವ ವ್ಯವಸ್ಥೆಗೂ ನೇರ ಸಂಬಂಧವಿದೆ. ಗಂಟಿನ ರೂಪದ ಮೂಲ ಬೇರೆ: ಅಲ್ಲಿ ಪ್ಲಾಸ್ಮಾ ಕೋಶಗಳು ಸ್ಥಳದಲ್ಲೇ ತಯಾರಿಸುವ ಪ್ರತಿಕಾಯದ ತುಂಡುಗಳು ಚರ್ಮದ ಆಳದವರೆಗೆ ತುಂಬಿಕೊಳ್ಳುತ್ತವೆ.

ಪುರುಷ ಜನನಾಂಗದಲ್ಲಿ

ಪುರುಷರ ಮೂತ್ರ–ಜನನ ಮಾರ್ಗದ ಅಮೈಲಾಯ್ಡ್ ಮೊದಲು ವರದಿಯಾದದ್ದು ಚರ್ಮದಲ್ಲಲ್ಲ. ಮೂತ್ರನಾಳಕ್ಕೆ ಸೀಮಿತವಾದ ಶೇಖರವನ್ನು 1909ರಲ್ಲಿ ಟಿಲ್ಪ್ ವಿವರಿಸಿದ್ದ. ವಯಸ್ಸಾದ ಗಂಡಸರ ವೀರ್ಯಕೋಶದಲ್ಲಿ ತೊಂದರೆ ಕೊಡದ ಅಮೈಲಾಯ್ಡ್ ಸಾಕಷ್ಟು ಸಾಮಾನ್ಯ. ಅದು ವೀರ್ಯದ ಸೆಮೆನೋಜೆಲಿನ್ ಪ್ರೋಟೀನಿನಿಂದ ಆಗುತ್ತದೆ.

ಹೊರಚರ್ಮದಲ್ಲಿ ರೋಗ ಎರಡು ಬಗೆಯಲ್ಲಿ ಬರುತ್ತದೆ. ಬಹುಕಾಲದ ತುರಿಕೆಯ ನಂತರ ಸಣ್ಣ ಗಟ್ಟಿ ಗುಳ್ಳೆಗಳಾಗಿ ಬಂದರೆ ಅದು ಲೈಕೆನ್ ರೂಪ. ಶಿಶ್ನಮಣಿಯ ಮೇಲೆ ಹಳದಿ ಛಾಯೆಯ, ಮುಟ್ಟಿದರೆ ಕಂದುವ ಮೇಣದಂಥ ಗಂಟಾಗಿ ಬಂದರೆ ನಾಡ್ಯುಲರ್ ರೂಪದ ಶಂಕೆ. ಕಣ್ಣಿಗೆ ಇವು ಕಜ್ಜಿ, ನರೂಲಿ, ಲೈಕೆನ್ ಪ್ಲೇನಸ್ ಅಥವಾ ಕ್ಯಾನ್ಸರಿನಂತೆ ಕಾಣಬಹುದು. ಆದ್ದರಿಂದ ಚರ್ಮದ ಚಿಕ್ಕ ತುಂಡು ತೆಗೆದು ಬಯಾಪ್ಸಿ ಮಾಡಿ, ಕಾಂಗೋ ರೆಡ್ ಹಾಕಿ ನೋಡದೆ ನಿರ್ಧಾರ ಸಾಧ್ಯವಿಲ್ಲ. ಗಂಟಿನ ರೂಪವಿದ್ದರೆ ರಕ್ತ ಮತ್ತು ಮೂತ್ರದ ಪ್ರೋಟೀನು ಪರೀಕ್ಷೆಯೂ ಬೇಕು. ಯಾಕೆಂದರೆ ಹೃದಯ, ಮೂತ್ರಪಿಂಡಗಳನ್ನು ಹಿಡಿಯುವ ದೇಹವ್ಯಾಪಿ ಅಮೈಲಾಯ್ಡ್ ಒಮ್ಮೊಮ್ಮೆ ಚರ್ಮದಲ್ಲೇ ಮೊದಲು ಮುಖ ತೋರಿಸುತ್ತದೆ. ಗಂಟಿನ ರೂಪದ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ರೋಗ ಮುಂದೆ ಮೈಯೆಲ್ಲ ಹಬ್ಬುತ್ತದೆಂದು ಹಿಂದೆ ಭಾವಿಸಿದ್ದರು. 2001ರ ಬ್ರಿಟಿಷ್ ಅಧ್ಯಯನ ಆ ಪ್ರಮಾಣ ಶೇ. 7ರಷ್ಟೇ ಎಂದು ತೋರಿಸಿ ಭಯವನ್ನು ಕಡಿಮೆ ಮಾಡಿತು.

ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ತುರಿಕೆ ತಗ್ಗಿಸುವುದು, ಉಜ್ಜುವುದನ್ನು ಬಿಡಿಸುವುದು, ವೈದ್ಯರ ನಿಗಾದಲ್ಲಿ ಮಿತವಾಗಿ ಸ್ಟೆರಾಯ್ಡ್ ಮುಲಾಮು ಹಚ್ಚುವುದು, ಗಂಟಿದ್ದರೆ ಶಸ್ತ್ರಚಿಕಿತ್ಸೆ ಅಥವಾ ಲೇಸರಿನಿಂದ ತೆಗೆಯುವುದು ಈಗಿನ ದಾರಿ. ತೆಗೆದ ಗಂಟು ಮರಳಿ ಬರುವುದೂ ಉಂಟು.

ಮುರಗೋಡ ಸೀಮೆಯಲ್ಲಿ

ಬೆಳಗಾವಿ ಜಿಲ್ಲೆಯ ಮುರಗೋಡದಂಥ ಊರಿನವರಿಗೆ ಬಯಾಪ್ಸಿಯ ದಾರಿ ಬೈಲಹೊಂಗಲ ದಾಟಿ ಬೆಳಗಾವಿಗೋ, ಧಾರವಾಡ ದಾಟಿ ಹುಬ್ಬಳ್ಳಿಗೋ ಹೋಗುತ್ತದೆ. ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾಯಿತು. 1916ರಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನು ತೆರೆಯಿತು. ಚರ್ಮರೋಗ ತಜ್ಞರೂ ಅಂಗಾಂಶ ಪರೀಕ್ಷೆಯ ಪ್ರಯೋಗಾಲಯವೂ ಒಂದೇ ಕಡೆ ಸಿಗುವಂತಾದದ್ದು ಇಂಥ ಕಾಲೇಜುಗಳಿಂದ.

ದೂರಕ್ಕಿಂತ ದೊಡ್ಡ ಅಡ್ಡಿ ನಾಚಿಕೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ ಮೂರಕ್ಕೂ ಒಂದೇ ವಿಭಾಗ. ಆ ಫಲಕದ ಕೆಳಗೆ ಕೂತರೆ ಊರವರು ಏನೆಂದಾರು ಎಂಬ ಅಂಜಿಕೆಯಿಂದ ಗಂಡಸರು ಗೋಡೆ ಬರಹದ ‘ಗುಪ್ತರೋಗ’ ವೈದ್ಯರನ್ನು ಹುಡುಕುತ್ತಾರೆ, ಇಲ್ಲವೆ ಔಷಧಿ ಅಂಗಡಿಯಲ್ಲಿ ಗಜಕರ್ಣದ ಮುಲಾಮು ಕೇಳಿ ತರುತ್ತಾರೆ. ಇಂಥ ಮುಲಾಮುಗಳಲ್ಲಿ ಎಷ್ಟೋ ಬಾರಿ ಬಲವಾದ ಸ್ಟೆರಾಯ್ಡ್ ಬೆರೆತಿರುತ್ತದೆ. ಜನನಾಂಗದ ತೆಳು ಚರ್ಮ ಅದರಿಂದ ಇನ್ನಷ್ಟು ತೆಳುವಾಗುತ್ತದೆ, ಮೂಲ ರೋಗದ ಚಹರೆಯೂ ಮಾಸುತ್ತದೆ. ತುರಿಕೆ ನಿಲ್ಲಲೆಂದು ನಾರಿನಿಂದ ತಿಕ್ಕುವುದೂ ಕೇಡನ್ನೇ ಹೆಚ್ಚಿಸುತ್ತದೆ.

ಕೆಲವು ವಾರಗಳಲ್ಲಿ ಮಾಯದ ಗುಳ್ಳೆ, ಕಲೆ ಅಥವಾ ಗಂಟು ಜನನಾಂಗದ ಮೇಲೆ ಕಂಡರೆ ಚರ್ಮರೋಗ ತಜ್ಞರಿಗೆ ತೋರಿಸುವುದೇ ಸರಿ. ಅಲ್ಲಿ ತೆಗೆಯುವ ಚರ್ಮದ ಚಿಕ್ಕ ತುಂಡೊಂದು ಕ್ಯಾನ್ಸರಿನ ಭಯವನ್ನೂ, ಲೈಂಗಿಕ ರೋಗದ ಸುಳ್ಳು ಕಳಂಕವನ್ನೂ ಪರಿಹರಿಸಬಲ್ಲದು.