ಪಾತ್ರೆಯ ತಳದ ರಾಳ

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ಬೇರುಗಳಿಂದ ಸಾರ ತೆಗೆಯುವ ಪಾಠ ನಮಗಿತ್ತು. ಬೇರನ್ನು ಪುಡಿಮಾಡಿ ಮದ್ಯಸಾರದಲ್ಲಿ ಕಾಯಿಸಬೇಕು. ಸಾರವನ್ನು ಬತ್ತಿಸಿ, ನೀರು ಬೆರೆಸಿದ ಆಮ್ಲವನ್ನು ಹಾಕಿ ಕಲಕಬೇಕು. ಬೇಕಾದ ವಸ್ತು ನೀರಿಗೆ ಇಳಿಯುತ್ತದೆ. ತಳದಲ್ಲಿ ಕಂದುಬಣ್ಣದ, ಹಲಸಿನ ಮೇಣದಂತೆ ಹಿಡಿದರೆ ಬಿಡದ ರಾಳ ಉಳಿಯುತ್ತದೆ. ‘ಅದು ಕಸ, ಚೆಲ್ಲಿಬಿಡು’ ಎನ್ನುತ್ತಿದ್ದರು ಮೇಷ್ಟರು. ಚೆಲ್ಲುವುದೇನೋ ಸುಲಭ, ಪಾತ್ರೆ ತೊಳೆಯುವುದು ಕಷ್ಟ. ಸರ್ಪಗಂಧಿಯ ಚರಿತ್ರೆಯನ್ನು ಓದಿದಾಗಲೆಲ್ಲ ಆ ರಾಳ ನನ್ನ ಕಣ್ಣಮುಂದೆ ಬರುತ್ತದೆ.

ಸರ್ಪಗಂಧಿ ನಮ್ಮ ಮಲೆನಾಡಿನವರಿಗೂ ಹೊಸದಲ್ಲ. ಮರಗಳ ಅರೆನೆರಳಿನಲ್ಲಿ ಮೊಳಕಾಲೆತ್ತರಕ್ಕೆ ಬೆಳೆಯುವ ಗಿಡ. ಕೆಂಪು ತೊಟ್ಟಿನ ಮೇಲೆ ಬಿಳಿಯ ಸಣ್ಣ ಹೂಗೊಂಚಲು. ಹಣ್ಣು ಮಾಗಿದರೆ ಕಪ್ಪು. ಸೂತ್ರನಾಭಿಯೆಂದೂ ಕರೆಯುವುದುಂಟು. ಅಂಕುಡೊಂಕಾದ ಬೇರು ಬಹಳ ಕಹಿ. ಬಿಹಾರದ ಹಳ್ಳಿಗಳಲ್ಲಿ ಅದನ್ನು ‘ಪಾಗಲ್ ಕಾ ದವಾ’, ಅಂದರೆ ಹುಚ್ಚಿನ ಮದ್ದು, ಎಂದೇ ಮಾರುತ್ತಿದ್ದರು. ವಿಜ್ಞಾನಿಗಳು ಇದಕ್ಕೆ ಕೊಟ್ಟ ರಾವೊಲ್ಫಿಯ ಎಂಬ ಹೆಸರಾದರೋ 16ನೆಯ ಶತಮಾನದ ಜರ್ಮನ್ ವೈದ್ಯ ಲಿಯೊನಾರ್ಡ್ ರಾವೊಲ್ಫನದು. ಪಾಪ, ಆತ ಇಂಡಿಯಾಕ್ಕೆ ಕಾಲಿಟ್ಟವನೇ ಅಲ್ಲ.

ಪ್ರಯೋಗಶಾಲೆಯ ಕಥೆ ಶುರುವಾಗುವುದು 1931ರಲ್ಲಿ, ಎರಡು ಊರುಗಳಲ್ಲಿ ಒಟ್ಟಿಗೇ. ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಬೇರಿನ ಪುಡಿಯನ್ನೇ ರೋಗಿಗಳಿಗೆ ಕೊಟ್ಟು ನೋಡಿದರು. ದಿನಕ್ಕೆ ಎರಡು ಸಲ, 20ರಿಂದ 30 ಗ್ರೇನಿನಷ್ಟು. ಆರ್ಭಟಿಸುತ್ತಿದ್ದ ರೋಗಿ ನಿದ್ದೆಹೋಗುತ್ತಾನೆ, ಉನ್ಮಾದ ಇಳಿಯುತ್ತದೆ, ಅದರ ಜೊತೆಗೆ ರಕ್ತದ ಒತ್ತಡವೂ ಇಳಿಯುತ್ತದೆ ಎಂದು ಅವರು ಬರೆದರು. ಮುಂದೆ ಲೋಕವೆಲ್ಲ ಬೆರಗಾದ ಎರಡು ಸಂಗತಿಗಳೂ ಆ ಒಂದು ಲೇಖನದಲ್ಲಿಯೇ ಇವೆ.

ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಆ ಬೇರಿನಿಂದ ಹರಳುಗಳನ್ನು ಬೇರ್ಪಡಿಸಿದರು. ಆಯುರ್ವೇದ, ಯುನಾನಿಗಳನ್ನು ಹೊಸ ವಿಜ್ಞಾನದ ಒರೆಗಲ್ಲಿಗೆ ತಿಕ್ಕಿ ನೋಡಬೇಕೆಂಬುದು ಆ ಕಾಲೇಜನ್ನು ಕಟ್ಟಿದ ಹಕೀಮ್ ಅಜ್ಮಲ್ ಖಾನರ ಹಂಬಲ. ಜರ್ಮನಿಯಲ್ಲಿ ಓದಿ ಬಂದ ಹಿರಿಯ ಸಿದ್ದೀಕಿಯನ್ನು ಆರಿಸಿದವರು ಅವರೇ. ಆದರೆ ಹರಳುಗಳನ್ನು ನೋಡಲು ಹಕೀಮರು ಉಳಿದಿರಲಿಲ್ಲ. 1927ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಸಿದ್ದೀಕಿ ತಾವು ಕಂಡ ಐದು ಕ್ಷಾರಾಭಗಳಲ್ಲಿ ಮುಖ್ಯವಾದುದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟು ಋಣ ತೀರಿಸಿದರು.

ಇಲ್ಲಿಯೇ ತೊಡಕು. ಹರಳು ಸಿಕ್ಕಿತು, ಆದರೆ ಕಲ್ಕತ್ತೆಯ ವೈದ್ಯರು ಕಂಡ ಗುಣ ಹರಳಿನಲ್ಲಿ ಪೂರ್ತಿಯಾಗಿ ಸಿಕ್ಕಲಿಲ್ಲ. ಬೇರಿನ ಪುಡಿ ತಿಂದವನು ಶಾಂತವಾಗಿ ಮಲಗುತ್ತಾನೆ; ಹರಳು ಹಾಗೆ ಮಲಗಿಸುವುದಿಲ್ಲ. ರಸಾಯನಶಾಸ್ತ್ರಜ್ಞನಿಗೆ ಹರಳೆಂದರೆ ಪ್ರಾಣ. ಹೊಳೆಯುತ್ತದೆ, ತೂಗಲು ಬರುತ್ತದೆ, ಎಷ್ಟು ಶಾಖಕ್ಕೆ ಕರಗುತ್ತದೆಂದು ಬರೆದಿಡಬಹುದು. ರಾಳಕ್ಕೆ ಇದೊಂದೂ ಇಲ್ಲ. ಆದರೂ ಕಲ್ಕತ್ತೆಯ ರಾಮನಾಥ ಚೋಪ್ರಾ ಮತ್ತು ಅವರ ಸಂಗಡಿಗರು ಆ ಕಸವನ್ನು ಬಿಡಲಿಲ್ಲ. ನಿದ್ದೆ ತರುವ ಗುಣ ಇರುವುದು ಹರಳುಗಳಲ್ಲಲ್ಲ, ಅವನ್ನು ತೆಗೆದ ಮೇಲೆ ಉಳಿಯುವ ರಾಳದಲ್ಲಿ ಎಂಬ ಸುಳಿವು 1943, 44ರ ಹೊತ್ತಿಗೆ ಇಂಡಿಯಾದ ಪತ್ರಿಕೆಗಳಲ್ಲಿ ಅಚ್ಚಾಗಿತ್ತು.

ಆ ದಿನಗಳಲ್ಲಿ ರಕ್ತದ ಒತ್ತಡಕ್ಕೆ ಪಶ್ಚಿಮದ ವೈದ್ಯರ ಕೈಯಲ್ಲಿ ಏನಿತ್ತು? ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರನ್ನು ನೋಡಬಹುದು. ಲೋಕದಲ್ಲೇ ಬಲಿಷ್ಠ ದೇಶದ ಯಜಮಾನ. ಬೇಕಾದ ವೈದ್ಯ ಬಾಗಿಲಿಗೆ ಬರುತ್ತಿದ್ದ. ಅವರಿಗೆ ಸಿಕ್ಕಿದ್ದು ಉಪ್ಪು ಕಡಿಮೆಮಾಡಿದ ಊಟ, ವಿಶ್ರಾಂತಿ, ಹೃದಯಕ್ಕೆ ಡಿಜಿಟಾಲಿಸ್, ನಿದ್ದೆಗೆ ಫಿನೊಬಾರ್ಬಿಟಾಲ್. 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತನಾಳ ಒಡೆದಾಗ ವೈದ್ಯರು ಅಳೆದ ಒತ್ತಡ 300ಕ್ಕೆ 190. ಬೇರಿನ ಪುಡಿ ಅವರನ್ನು ಉಳಿಸುತ್ತಿತ್ತೆಂದು ನಾನು ಹೇಳಲಾರೆ. ಆದರೆ ಒತ್ತಡ ಇಳಿಸುವ ಮದ್ದೊಂದು ಆಗಲೇ ಇಂಡಿಯಾದ ಅಂಗಡಿಗಳಲ್ಲಿ ಮಾತ್ರೆಯಾಗಿಯೂ ಸಿಗುತ್ತಿತ್ತು. ಡೆಹ್ರಾಡೂನಿನ ಹಿಮಾಲಯ ಕಂಪೆನಿ 1934ರಲ್ಲಿಯೇ ಸರ್ಪಿನಾ ಎಂಬ ಹೆಸರಿನಿಂದ ಅದನ್ನು ಮಾರಾಟಕ್ಕೆ ತಂದಿತ್ತು. ಕಂಪೆನಿ ಮುಂದೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿತು.

ಹೊರಗಿನವರ ಕಿವಿಗೆ ಸುದ್ದಿ ಮುಟ್ಟಿಸಿದವರು ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್. 50 ರೋಗಿಗಳ ಲೆಕ್ಕವನ್ನು ಶಿಸ್ತಾಗಿ ಬರೆದು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅಚ್ಚು ಹಾಕಿಸಿದರು. ಹದಿನೆಂಟು ವರ್ಷ ಹಿಂದೆ ಕಲ್ಕತ್ತೆಯಲ್ಲಿ ಹೇಳಿದ ಮಾತಿಗೆ ಲಂಡನ್ನಿನ ಅಚ್ಚು ಬಿದ್ದ ಮೇಲೆ ಬೆಲೆ ಬಂತು. ಇದನ್ನು ಬರೆಯುವಾಗ ಸ್ವಲ್ಪ ಸಿಟ್ಟು ಬರುತ್ತದೆ, ಮರೆಮಾಚುವುದಿಲ್ಲ.

ಕೊನೆಗೆ ರಾಳವನ್ನು ಒಡೆದವರು ಸ್ವಿಟ್ಜರ್ಲೆಂಡಿನವರು. ಬಾಸೆಲ್ ನಗರದ ಸೀಬಾ ಕಂಪೆನಿಯ ಮುಲ್ಲರ್, ಶ್ಲಿಟ್ಲರ್, ಬೈನ್ ಎಂಬ ಮೂವರು 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ವಸ್ತುವನ್ನು ತೆಗೆದರು. ಅದೂ ಕ್ಷಾರಾಭವೇ, ಹರಳಾಗುವಂಥದೇ. ಆದರೆ ಅದರ ಕ್ಷಾರಗುಣ ಬಹಳ ದುರ್ಬಲ. ಆಮ್ಲದ ನೀರು ಕರೆದರೂ ಇಳಿದುಬರದೆ ರಾಳದಲ್ಲಿಯೇ ಕುಳಿತಿರುತ್ತದೆ. ಬೇರಿನಲ್ಲಿ ಅದರ ಪಾಲು ಸಾವಿರಕ್ಕೆ ಒಂದರಷ್ಟು. ಒಂದು ಮಿಲಿಗ್ರಾಮಿನ ಕಾಲುಭಾಗವೇ ರಕ್ತದೊತ್ತಡದ ರೋಗಿಗೆ ದಿನದ ಮದ್ದು. ನಮ್ಮವರ ಮದ್ದನ್ನು ಪರದೇಶದವರು ಕದ್ದರು ಎನ್ನುವವರುಂಟು. ನನಗೆ ಹಾಗನ್ನಿಸುವುದಿಲ್ಲ. ನಮ್ಮವರು ಅಚ್ಚುಮಾಡಿದ ಸುಳಿವು ಎಲ್ಲರಿಗೂ ತೆರೆದಿತ್ತು. ಅದರ ಬೆನ್ನುಹತ್ತಲು ಬೇಕಾದ ಹಣ, ಉಪಕರಣಗಳು ಅವರಲ್ಲಿದ್ದವು. ನಮ್ಮಲ್ಲಿ ಯುದ್ಧ, ಆಮೇಲೆ ದೇಶದ ವಿಭಜನೆ. 1951ರಲ್ಲಿ ಸಿದ್ದೀಕಿಯವರೇ ಪಾಕಿಸ್ತಾನಕ್ಕೆ ಹೋದರು.

ಮುಂದಿನದು ಭರಭರನೆ ನಡೆಯಿತು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಮಾನಸಿಕ ರೋಗಿಗಳಲ್ಲಿ ಅದರ ಫಲವನ್ನು ವರದಿ ಮಾಡಿದ. 1956ರಲ್ಲಿ ಹಾರ್ವರ್ಡಿನ ವುಡ್‌ವರ್ಡ್ ಗಿಡದ ಹಂಗಿಲ್ಲದೆ ರಿಸರ್ಪಿನನ್ನು ಕಟ್ಟಿ ತೋರಿಸಿದ. 1957ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ ಅದನ್ನು ಕೊಟ್ಟು ಕಲ್ಲಿನಂತೆ ಕೂರಿಸಿದ ಮೊಲಗಳನ್ನು ಎಲ್-ಡೋಪಾದಿಂದ ಮತ್ತೆ ಓಡಾಡಿಸಿದ. ಪಾರ್ಕಿನ್‌ಸನ್ ರೋಗದ ಚಿಕಿತ್ಸೆಗೆ ದಾರಿ ಕಂಡದ್ದು ಅಲ್ಲಿಂದ. ಹೆಚ್ಚು ಕೊಟ್ಟಲ್ಲಿ ರೋಗಿ ಖಿನ್ನನಾಗುತ್ತಾನೆಂಬ ದೂರೂ ಬಂತು. ಬೇರೆ ಮದ್ದುಗಳು ಬಂದಂತೆ ರಿಸರ್ಪಿನ್ ಹಿಂದೆ ಸರಿಯಿತು. ಅಷ್ಟರಲ್ಲಿ ಬೇರಿಗಾಗಿ ಕಾಡು ಅಗೆದವರ ಗುದ್ದಲಿಗೆ ಗಿಡ ಬಹುಮಟ್ಟಿಗೆ ಬಲಿಯಾಗಿತ್ತು. ಬೇರು ಕಿತ್ತರೆ ಗಿಡ ಉಳಿಯುವುದೆಲ್ಲಿ! ಈಗ ಅದರ ವಿದೇಶವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟು ಇದೆ.

ಸಿದ್ದೀಕಿಯವರ ಬಿಳಿಯ ಹರಳೂ ವ್ಯರ್ಥವಾಗಲಿಲ್ಲ. ಅಜ್ಮಲೀನ್ ಹೃದಯದ ಬಡಿತ ತಪ್ಪಿದವರಿಗೆ ಮದ್ದಾಯಿತು. ಇದ್ದಕ್ಕಿದ್ದಂತೆ ಸಾವು ತರಬಲ್ಲ ಬ್ರುಗಾಡಾ ಎಂಬ ಹೃದಯದೋಷ ಒಬ್ಬನಲ್ಲಿ ಅಡಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಯುರೋಪಿನ ಆಸ್ಪತ್ರೆಗಳಲ್ಲಿ ಇಂದಿಗೂ ಅದನ್ನೇ ರಕ್ತನಾಳಕ್ಕೆ ಚುಚ್ಚುತ್ತಾರೆ. ಅಲ್ಲಿನ ದಾದಿಯರು ದಿನವೂ ಉಚ್ಚರಿಸುವುದು ದೆಹಲಿಯ ಹಕೀಮರ ಹೆಸರನ್ನು.